ವಾಡೆಯ ಕೋಣೆ ಬರಿದೇಕೆ?

ಪ್ರಶ್ನೆ: ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ರಾಜರ ಮಂಚ, ಕುರ್ಚಿ ಇದ್ದಲ್ಲೇ ಇವೆಯಂತೆ. ಕುಂದಗೋಳದ ನಾಡಿಗೇರ ವಾಡೆಯಂಥ ನಮ್ಮ ಮನೆಗಳಲ್ಲಿ ಹಾಗೇಕಿಲ್ಲ?

ಉತ್ತರ: ಅವು ಇದ್ದಲ್ಲೇ ಉಳಿದವಲ್ಲ. ಕ್ರಾಂತಿಯ ಕಾಲದಲ್ಲಿ, 1793ರ ಆಗಸ್ಟಿನಿಂದ ಸುಮಾರು ಒಂದು ವರ್ಷ ವರ್ಸೇಲ್ಸಿನ ಸಾಮಾನು ಹರಾಜಾಯಿತು. 17,000ಕ್ಕೂ ಹೆಚ್ಚು ಸವಾಲುಗಳು ನಡೆದವು. ಇಂದು ಪ್ರವಾಸಿಗರು ನೋಡುವುದರಲ್ಲಿ ಬಹುಪಾಲು ಆಮೇಲೆ ಹುಡುಕಿ ಮರಳಿ ಕೊಂಡದ್ದು, ಇಲ್ಲವೇ ಅದೇ ಕಾಲದ ಬೇರೆ ವಸ್ತು ತಂದಿಟ್ಟದ್ದು. ರೇಷ್ಮೆ ಪರದೆಗಳನ್ನು ಹಳೆಯ ಮಾದರಿಯಲ್ಲಿ ಹೊಸದಾಗಿ ನೇಯಿಸಿದ್ದಾರೆ. ಹಣವೊಂದರಿಂದಲೇ ಇದು ಆಗುತ್ತಿರಲಿಲ್ಲ. ಅರಮನೆಯ ಉಗ್ರಾಣದವರು ಸಾಮಾನುಗಳಿಗೆ ಅಂಕಿ ಹಾಕಿ, ಯಾವುದು ಯಾವ ಕೋಣೆಯದೆಂದು ಬರೆದಿಟ್ಟಿದ್ದರು. ಕೋಣೆಗಳನ್ನು ಮತ್ತೆ ತುಂಬಿದ್ದು ಆ ಪಟ್ಟಿ.

ನಮ್ಮ ವಾಡೆ ಬರಿದೆಂಬುದನ್ನೂ ನಾನು ಒಪ್ಪಲಾರೆ. ಜಮಖಾನೆ, ಗಾದಿ, ಲೋಡು ಹಾಸಿ ನೆಲದ ಮೇಲೆ ಕೂಡುವ ಪಡಸಾಲೆಯ ಸಾಮಾನು ಕೂಟ ಮುಗಿದೊಡನೆ ಸುತ್ತಿಡುವಂಥದು. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ (1886–1952) ನೆನಪಿನ ಸಂಗೀತೋತ್ಸವ ನಾಡಿಗೇರ ವಾಡೆಯಲ್ಲಿ ನಡೆದುಬಂದಿದೆ. ಅಲ್ಲಿ ಕೂತು ಹಾಡು ಕೇಳಿದವರಿಗೆ ಕೋಣೆ ಬರಿದೆನಿಸಲಾರದು. ಬಳಕೆಯಿಂದ ವಸ್ತು ಸವೆಯುತ್ತದೆ, ಹಗ್ಗ ಕಟ್ಟಿ ಕಾಪಾಡಬೇಕು ಎಂದು ಕೆಲವರು ಹೇಳುತ್ತಾರೆ. ರೇಷ್ಮೆಗೆ ಆ ಮಾತು ಸರಿ. ಆದರೆ ಮಣ್ಣು, ಕಟ್ಟಿಗೆಯ ಮನೆಗೆ ಜನರ ಓಡಾಟ ನಿಂತರೆ ಗೆದ್ದಲು, ಸೋರಿಕೆ ಬೇಗ ಹಿಡಿಯುತ್ತವೆ. ನಮ್ಮಲ್ಲಿ ನಿಜವಾಗಿ ಕೊರತೆಯಿರುವುದು ವರ್ಸೇಲ್ಸಿನ ಪಟ್ಟಿಯಂಥ ಬರವಣಿಗೆಯದು. ನವಲಗುಂದ, ಅಣ್ಣಿಗೇರಿ, ಕಲಘಟಗಿಯಲ್ಲಿ ಹಳೆಯ ವಾಡೆಯುಳ್ಳ ಮನೆತನದವರು ಕಡಾಯಿ, ಪೆಟ್ಟಿಗೆ, ತೂಗುಮಂಚಗಳು ಯಾವ ಕೋಣೆಯಲ್ಲಿದ್ದವೆಂದು ಹಿರಿಯರನ್ನು ಕೇಳಿ, ಫೋಟೊ ಸಮೇತ ಈಗಲೇ ಬರೆದಿಡಲಿ.