ಕೂವೆಮರ ನಿಲ್ಲಿಸುವ ಬಗೆ



ಖಾನಾಪುರ ತಾಲೂಕಿನ ಕಾಡುಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಮಹದಾಯಿಯು ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ನಮ್ಮ ನೌಕಾಪಡೆಯು ತನ್ನ ಹಾಯಿದೋಣಿಯೊಂದಕ್ಕೆ ಈ ನದಿಯ ಹೆಸರನ್ನೇ ಇಟ್ಟಿತು. ಅದರಲ್ಲಿ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ ಬಂದರು. 2012-13ರಲ್ಲಿ ಅಭಿಲಾಷ್ ಟೋಮಿ ಎಲ್ಲಿಯೂ ನಿಲ್ಲದೆ ಸುತ್ತಿ ಬಂದರು. ಇದೇ ಟೋಮಿಯವರು 2018ರ ಸೆಪ್ಟೆಂಬರಿನಲ್ಲಿ 'ತುರಿಯಾ' ಎಂಬ ಬೇರೊಂದು ದೋಣಿಯಲ್ಲಿದ್ದಾಗ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿಗೆ ಸಿಕ್ಕಿದರು. ಕೂವೆಮರ ಮುರಿಯಿತು, ಅವರ ಬೆನ್ನಿಗೆ ಬಲವಾದ ಪೆಟ್ಟಾಯಿತು. ಮೂರು ದಿನಗಳ ನಂತರ ಫ್ರೆಂಚ್ ಹಡಗೊಂದು ಅವರನ್ನು ರಕ್ಷಿಸಿತು.

ಹಾಯಿಯನ್ನು ಹೊರುವ ಕಂಬವೇ ಕೂವೆಮರ. ಅದು ಬಿದ್ದರೆ ಹಾಯಿದೋಣಿಗೆ ಬಲವೇ ಇಲ್ಲ. ಇಂಥ ಕಂಬವನ್ನು ನಿಲ್ಲಿಸುವುದು ಹೇಗೆ?

ಒಂದು ಚಿಕ್ಕ ಹಾಯಿದೋಣಿಯನ್ನು ಟ್ರೇಲರ್ ಮೇಲಿಟ್ಟು, ಬೆಳಗಾವಿಯಿಂದ ಕಣಕುಂಬಿ, ಚೋರ್ಲಾ ಘಟ್ಟದ ಮಾರ್ಗವಾಗಿ ಮಾಂಡೋವಿಯ ದಡಕ್ಕೆ ಒಯ್ಯುತ್ತಿದ್ದೇವೆಂದು ಭಾವಿಸೋಣ. ದಾರಿಯಲ್ಲಿ ಮರದ ಕೊಂಬೆಗಳಿವೆ, ವಿದ್ಯುತ್ ತಂತಿಗಳಿವೆ. ಆದ್ದರಿಂದ ಕೂವೆಮರವನ್ನು ದೋಣಿಯ ಹಿಂಬದಿಗೆ ಮಲಗಿಸಿ ಕಟ್ಟಿರುತ್ತಾರೆ. ದಡ ಸೇರಿದ ಮೇಲೆ ಅದರ ಬುಡವನ್ನು ಒಂದು ತಿರುಗಣಿಗೆ ಸಿಕ್ಕಿಸಿ ಎತ್ತಿ ನಿಲ್ಲಿಸಬೇಕು.

ಏಣಿಯ ಪಾಠ

ಮನೆಯಲ್ಲಿ ಏಣಿಯನ್ನು ನಿಲ್ಲಿಸಿದವರಿಗೆ ಇದರ ಕಷ್ಟ ಗೊತ್ತು. ನಮ್ಮ ಕೂವೆಮರ 6 ಮೀಟರ್ ಉದ್ದ, 15 ಕಿಲೋ ತೂಕ ಇದೆ ಎನ್ನಿ. ಅದರ ಗುರುತ್ವ ಕೇಂದ್ರ ನಡುವಿನಲ್ಲಿ, ಎಂದರೆ ಬುಡದಿಂದ 3 ಮೀಟರ್ ದೂರದಲ್ಲಿರುತ್ತದೆ. ತುದಿಯನ್ನು ಹಿಡಿದು ಎತ್ತಿದರೆ ಕೈಗೆ ಬರುವ ಭಾರ ಏಳೂವರೆ ಕಿಲೋ ಮಾತ್ರ. ಆದರೆ ಕಂಬ ಮೇಲೇರಿದಂತೆ ನಾವು ಬುಡದ ಕಡೆಗೆ ನಡೆಯಬೇಕು. ಕೈ 1.8 ಮೀಟರ್ ಎತ್ತರದಲ್ಲಿದ್ದರೆ, ಕಂಬವು 45 ಡಿಗ್ರಿ ತಲುಪುವಾಗ ಹನ್ನೆರಡೂವರೆ ಕಿಲೋ ಬಲ ಬೇಕಾಗುತ್ತದೆ. ಕಾಲ ಕೆಳಗೆ ದೋಣಿ ಅಲುಗುತ್ತಿದ್ದರೆ, ಗಾಳಿ ಪಕ್ಕದಿಂದ ತಳ್ಳಿದರೆ ಇಷ್ಟೂ ಹೆಚ್ಚೇ!

ಹಾಗಾದರೆ ಮುಂಬದಿಯಿಂದ ಹಗ್ಗ ಕಟ್ಟಿ ಎಳೆಯಬಾರದೇ? ಬಾಗಿಲನ್ನು ಅದರ ತಿರುಗಣಿಯ ದಿಕ್ಕಿಗೇ ತಳ್ಳಿ ನೋಡಿ. ಎಷ್ಟು ಬಲ ಹಾಕಿದರೂ ತೆರೆಯದು. ಮಲಗಿದ ಕಂಬಕ್ಕೆ ಕಟ್ಟಿದ ಹಗ್ಗವೂ ಹಾಗೆಯೇ. ಅದು ಕಂಬವನ್ನು ಬುಡಕ್ಕೆ ಒತ್ತುತ್ತದೆಯೇ ಹೊರತು ಮೇಲಕ್ಕೆ ಎತ್ತುವುದಿಲ್ಲ.

ಇದಕ್ಕೆ ಉಪಾಯ ಒಂದು ಗಿಡ್ಡ ಸಹಾಯಕ ಕಂಬ. 2 ಮೀಟರಿನ ಈ ಕಂಬವನ್ನು ಕೂವೆಮರದ ಬುಡದಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ತುದಿಯನ್ನು ಕೂವೆಮರದ ಮೇಲ್ಭಾಗಕ್ಕೆ ಹಗ್ಗದಿಂದ ಬಿಗಿಯುತ್ತಾರೆ. ಈಗ ಎರಡೂ ಸೇರಿ ಒಂದು ಸನ್ನೆಯಾಯಿತು. ಗಿಡ್ಡ ಕಂಬದ ತುದಿಯಿಂದ 2 ಮೀಟರ್ ಮುಂದಿರುವ ದೋಣಿಯ ಮೂತಿಗೆ ಹಗ್ಗ ಎಳೆದರೆ, ಆರಂಭದಲ್ಲಿ ಸುಮಾರು 32 ಕಿಲೋ ಬಲ ಬೇಕು. ಆ ಹಗ್ಗವನ್ನು ನಾಲ್ಕು ಎಳೆಯ ರಾಟೆಗಳ ಜೋಡಿಗೆ ಹಾಕಿದರೆ 8 ಕಿಲೋ ಸಾಕು. ಘರ್ಷಣೆಗಾಗಿ ಇನ್ನೊಂದಿಷ್ಟು ಸೇರಿಸಿಕೊಳ್ಳಿ. ಕೂವೆಮರ ಏರಿದಂತೆ ಬೇಕಾದ ಬಲ ಕಡಿಮೆಯಾಗುತ್ತದೆ. ಅದು ನೆಟ್ಟಗಾದಾಗ ಗಿಡ್ಡ ಕಂಬ ಮುಂದಕ್ಕೆ ಮಲಗಿರುತ್ತದೆ.

ಪಕ್ಕಕ್ಕೆ ವಾಲದಂತೆ

ಮೇಲೇರುವಾಗ ಕಂಬ ಎಡಕ್ಕೋ ಬಲಕ್ಕೋ ವಾಲಿದರೆ ಬುಡದ ತಿರುಗಣಿ ಮುರಿಯುತ್ತದೆ. ಅದಕ್ಕಾಗಿ ಎರಡೂ ಬದಿಗೆ ಹಗ್ಗ ಕಟ್ಟುತ್ತಾರೆ. ಬಾಗಿಲಿನ ತಿರುಗಣಿಗಳು ಒಂದೇ ಗೆರೆಯಲ್ಲಿದ್ದರೆ ತಾನೇ ಬಾಗಿಲು ಸಲೀಸಾಗಿ ತಿರುಗುವುದು? ಹಾಗೆಯೇ ಈ ಹಗ್ಗಗಳ ಕೆಳತುದಿಗಳೂ ಬುಡದ ತಿರುಗಣಿಯೂ ಒಂದೇ ಗೆರೆಯಲ್ಲಿರಬೇಕು. ಆಗ ಹಗ್ಗಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಬಿಗಿಯಲ್ಲಿರುತ್ತವೆ.

ಕೂವೆಮರ ನಿಂತ ಕೂಡಲೇ ಮುಂಬದಿಯ ಉಕ್ಕಿನ ತಂತಿಯನ್ನು ಮೂತಿಗೆ ಸಿಕ್ಕಿಸಿ, ಅದರ ಕೀಲಿಗೆ ಪಿನ್ನು ಹಾಕಬೇಕು. ಅಲ್ಲಿಯವರೆಗೆ ಎಳೆಯುವ ಹಗ್ಗವನ್ನು ಬಿಡಲೇಬಾರದು. ಅಷ್ಟು ಹೊತ್ತೂ ಕಂಬದ ಕೆಳಗೆ ಯಾರೂ ಇರಬಾರದು.

ಮೊದಲು ತಲೆಯೆತ್ತಿ ನೋಡಿ

ಎಲ್ಲಕ್ಕಿಂತ ದೊಡ್ಡ ಅಪಾಯ ದೋಣಿಯಲ್ಲಿಲ್ಲ, ತಲೆಯ ಮೇಲಿದೆ. ಟ್ರೇಲರ್ ಮೇಲಿನ ದೋಣಿಯ ಎತ್ತರ ಒಂದೂವರೆ ಮೀಟರ್, ಕಂಬ 6 ಮೀಟರ್. ಒಟ್ಟು ಏಳೂವರೆ ಮೀಟರ್. ಅನೇಕ ಕಡೆ 11 ಸಾವಿರ ವೋಲ್ಟಿನ ತಂತಿಗಳು ಇದಕ್ಕಿಂತ ಕೆಳಗೇ ಹಾದುಹೋಗಿರುತ್ತವೆ. ಇಂದಿನ ಕೂವೆಮರಗಳು ಬಹುಪಾಲು ಅಲ್ಯೂಮಿನಿಯಮ್ಮಿನವು. ಅದು ಉತ್ತಮ ವಿದ್ಯುತ್ ವಾಹಕ. ತಂತಿಗೆ ಮುಟ್ಟದಿದ್ದರೂ, ತೀರಾ ಸಮೀಪಿಸಿದರೆ ಸಾಕು, ವಿದ್ಯುತ್ತು ಗಾಳಿಯಲ್ಲೇ ಹಾರಬಲ್ಲದು. ಒಮ್ಮೆ ಮೇಲಕ್ಕೆ ನೋಡಲು ಬೇಕಾದುದು ಎರಡು ಸೆಕೆಂಡು. ಉಳಿಯುವುದು ಒಂದು ಜೀವ.

ಈ ಮಾತು ದೋಣಿ ಕಾಣದ ಊರಿಗೂ ಸಲ್ಲುತ್ತದೆ. ಬೆಳಗಾವಿಯಲ್ಲಿ ಗಣೇಶೋತ್ಸವದ ಮಂಟಪಕ್ಕೆ ಕಂಬ ನಿಲ್ಲಿಸುವಾಗ, ಶಾಲೆಯ ಅಂಗಳದಲ್ಲಿ ಧ್ವಜದ ಕಂಬ ಎತ್ತುವಾಗ, ತೋಟದಲ್ಲಿ ಉದ್ದನೆಯ ಏಣಿ ಸಾಗಿಸುವಾಗ ನೀವೂ ಕೈಗೂಡಿಸುತ್ತೀರಿ. ಒಣಗಿದ ಬಿದಿರೆಂದು ಧೈರ್ಯ ಬೇಡ. ಮಳೆಯಲ್ಲಿ ನೆನೆದ ಬಿದಿರೂ ವಿದ್ಯುತ್ತನ್ನು ಹರಿಸುತ್ತದೆ.

ನೀವೇ ಮಾಡಿ ನೋಡಿ: ಒಂದು ಅಡಿಪಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ, ಬುಡ ಜಾರದಂತೆ ಗೆಳೆಯರು ಹಿಡಿದಿರಲಿ. ತುದಿಗೆ ದಾರ ಕಟ್ಟಿ, ಮೇಜಿಗೆ ತಾಗಿಸಿಕೊಂಡು ಬುಡದ ಕಡೆಗೆ ಎಳೆಯಿರಿ. ಏಳುವುದಿಲ್ಲ. ಈಗ ಬುಡದ ಬಳಿ ಒಂದು ಪೆನ್ಸಿಲನ್ನು ನೆಟ್ಟಗೆ ಹಿಡಿದು, ದಾರವನ್ನು ಅದರ ತುದಿಯ ಮೇಲಿಂದ ಹಾಯಿಸಿ ಎಳೆಯಿರಿ. ಏಕೆ ಎದ್ದಿತೆಂದು ನಿಮ್ಮ ಗೆಳೆಯರಿಗೆ ವಿವರಿಸಿ.