ಟವರ್ ಸಿಗದ ಮನೆಯಲ್ಲಿ ಓಟಿಪಿ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂದು ಇಂಟರ್ನೆಟ್ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಕಂಬದಿಂದ ಕಂಬಕ್ಕೆ, ಕೆಲವೆಡೆ ಮರದಿಂದ ಮರಕ್ಕೆ ಎಳೆದ ಫೈಬರ್ ತಂತಿ ಅಡಿಕೆ ತೋಟ ದಾಟಿ ಜಗುಲಿಗೆ ಬಂದಿದೆ. ಅದೇ ವೈಫೈಯಲ್ಲಿ ಮಗಳು ಬೆಂಗಳೂರಿನ ಕಂಪನಿಯ ಕೆಲಸ ಮಾಡುತ್ತಾಳೆ, ಅಜ್ಜಿ ಯಕ್ಷಗಾನ ನೋಡುತ್ತಾರೆ. ಟವರಿನ ಅಲೆಗಳಿಗೆ ಮಾತ್ರ ನಡುವಿನ ಗುಡ್ಡ ಅಡ್ಡ. ಸಿದ್ದಾಪುರ, ಹೊಸನಗರ, ಜೋಯಿಡಾ ಕಡೆಯ ಕಣಿವೆಗಳಲ್ಲಿ, ಕೊಡಗಿನ ಎಸ್ಟೇಟುಗಳಲ್ಲಿ ಇದು ದಿನನಿತ್ಯದ ಪಾಡು. ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಒತ್ತುತ್ತಲೇ 'ನಿಮ್ಮ ನೋಂದಾಯಿತ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ' ಎಂಬ ಸಾಲು ಮೂಡುತ್ತದೆ. ಫೋನ್ ಹಿಡಿದು ಗುಡ್ಡದ ನೆತ್ತಿಗೆ ಹೋಗಿ ಸಂದೇಶ ಓದಿ ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸದೆ ಜರ್ಮನಿಗೋ ಅಮೆರಿಕಕ್ಕೋ ಹೋದ ಕನ್ನಡಿಗರ ಕಷ್ಟವೂ ಇದೇ.

ಇದಕ್ಕೆ ಜನ ಕಂಡುಕೊಂಡ ದಾರಿಗಳು ಎರಡು, ಎರಡೂ ಅಪಾಯದವು. ಒಂದು, ಎರಡನೇ ಹಂತದ ಪರಿಶೀಲನೆಯನ್ನೇ ಕಿತ್ತುಹಾಕುವುದು. ಆಗ ಖಾತೆಗೆ ಉಳಿಯುವ ಕಾವಲು ಪಾಸ್‌ವರ್ಡ್ ಮಾತ್ರ. ಅದೇ ಪಾಸ್‌ವರ್ಡನ್ನು ಬೇರೆಲ್ಲಾದರೂ ಬಳಸಿದ್ದು, ಅಲ್ಲಿಂದ ಅದು ಸೋರಿದ್ದರೆ ಕಾವಲೇ ಇಲ್ಲ. ಇನ್ನೊಂದು, ಪೇಟೆಯಲ್ಲಿರುವ ಮಗನ ನಂಬರನ್ನೇ ಕೊಟ್ಟು, ಬೇಕಾದಾಗ ವಾಟ್ಸ್ಆ್ಯಪ್ ಕರೆ ಮಾಡಿ 'ಓಟಿಪಿ ಎಷ್ಟು ಬಂತು ಹೇಳಪ್ಪ' ಎಂದು ಕೇಳುವುದು. ಇದು ಹೆಚ್ಚು ಕಳವಳದ ಸಂಗತಿ. ಓಟಿಪಿಯನ್ನು ಫೋನಿನಲ್ಲಿ ಹೇಳುವುದು, ಕೇಳುವುದು ಮನೆಯ ರೂಢಿಯಾಗಿಬಿಟ್ಟರೆ, ನಾಳೆ ಬ್ಯಾಂಕಿನವರೆಂದು ಹೇಳಿಕೊಂಡು ವಂಚಕ ಕೇಳಿದಾಗಲೂ ಬಾಯಿ ತಡೆಯುವುದಿಲ್ಲ.

ಓಟಿಪಿ ಟವರಿನಿಂದಲೇ ಬರಬೇಕೆಂಬ ನಿಯಮ ತಂತ್ರಜ್ಞಾನದಲ್ಲಿ ಎಲ್ಲೂ ಇಲ್ಲ. ಸಿಮ್ಮೇ ಇಲ್ಲದ ಹಳೆಯ ಫೋನಿನಲ್ಲಿ, ಅದನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟರೂ, ಸರಿಯಾದ ಓಟಿಪಿ ಹುಟ್ಟುತ್ತದೆ. ಗೂಗಲ್ ಅಥೆಂಟಿಕೇಟರ್, ಮೈಕ್ರೋಸಾಫ್ಟ್ ಅಥೆಂಟಿಕೇಟರ್, ಏಜಿಸ್ ಮುಂತಾದ ಆ್ಯಪ್‌ಗಳು ಮಾಡುವುದು ಈ ಕೆಲಸವನ್ನೇ.

ಒಂದೇ ಗಣಿತ ಪದ್ಧತಿಯ ಇಬ್ಬರು ಪಂಚಾಂಗಕರ್ತರು, ಒಬ್ಬರು ಶೃಂಗೇರಿಯಲ್ಲಿ, ಇನ್ನೊಬ್ಬರು ಗದಗಿನಲ್ಲಿ ಕೂತು, ಒಬ್ಬರನ್ನೊಬ್ಬರು ಕೇಳದೆಯೇ ಇಂದಿನ ತಿಥಿಯನ್ನು ಒಂದೇ ಆಗಿ ಹೇಳಬಲ್ಲರು. ಇಬ್ಬರ ಸೂತ್ರವೂ ಒಂದೇ, ದಿನವೂ ಒಂದೇ. ಅಥೆಂಟಿಕೇಟರ್ ಆ್ಯಪ್ ಮತ್ತು ನಿಮ್ಮ ಖಾತೆ ಇರುವ ಸರ್ವರ್ ನಡುವೆ ನಡೆಯುವುದೂ ಇದೇ. ಮೊದಲ ಸಲ ಜೋಡಿಸುವಾಗ ಪರದೆಯ ಮೇಲೆ ಕ್ಯೂಆರ್ ಕೋಡ್ ಕಾಣುತ್ತದಲ್ಲ, ಅದರೊಳಗೆ ಒಂದು ಉದ್ದನೆಯ ಗುಟ್ಟಿನ ಸಂಖ್ಯೆ ಇರುತ್ತದೆ. ಅದು ಆ ಖಾತೆಗೇ ಮೀಸಲು. ಆ್ಯಪ್ ಅದನ್ನು ಒಮ್ಮೆ ಓದಿ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಎರಡೂ ಕಡೆಯಲ್ಲಿ, 1970ರ ಜನವರಿ 1ರಿಂದ ಈ ಕ್ಷಣದವರೆಗೆ 30 ಸೆಕೆಂಡುಗಳ ಎಷ್ಟು ಕಂತು ಕಳೆದಿವೆ ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನೂ ಗುಟ್ಟಿನ ಸಂಖ್ಯೆಯನ್ನೂ ಒಂದು ಗಣಿತ ಸೂತ್ರದೊಳಗೆ ಬೆರೆಸಲಾಗುತ್ತದೆ. ಹೊರಬಂದ ದೊಡ್ಡ ಸಂಖ್ಯೆಯಿಂದ ಆರು ಅಂಕಿಗಳನ್ನು ತೆಗೆದರೆ ಅದೇ ಓಟಿಪಿ. ಆರು ಅಂಕಿಗಳನ್ನು ನೋಡಿದವರು ಹಿಂದಕ್ಕೆ ಲೆಕ್ಕ ಹಾಕಿ ಗುಟ್ಟನ್ನು ಹಿಡಿಯಲಾರರು. ಮುಂದಿನ ಕಂತಿಗೆ ಆ ಅಂಕಿಗಳೂ ಬದಲಾಗುತ್ತವೆ.

ಕದ್ದು ಕೇಳುವವರಿರುವ ದಾರಿಯಲ್ಲೂ ಒಮ್ಮೆ ಮಾತ್ರ ಬಳಸುವ ಪಾಸ್‌ವರ್ಡಿನಿಂದ ಗುರುತು ಸಾಬೀತುಪಡಿಸುವ ಗಣಿತವನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1981ರಲ್ಲೇ ಬರೆದಿದ್ದರು. ಎಣಿಕೆಯನ್ನು ಆಧರಿಸಿದ ಓಟಿಪಿ ವಿಧಾನ 2005ರಲ್ಲಿ, ಸಮಯವನ್ನು ಆಧರಿಸಿದ ವಿಧಾನ 2011ರಲ್ಲಿ ಇಂಟರ್ನೆಟ್ಟಿನ ಬಹಿರಂಗ ದಾಖಲೆಗಳಾಗಿ ಪ್ರಕಟವಾದವು. ಈ ಎರಡನೆಯದರ ಹೆಸರು ಟಿಓಟಿಪಿ. ಯಾವ ಕಂಪನಿಯೂ ಯಾರ ಅಪ್ಪಣೆಯನ್ನೂ ಕೇಳದೆ ಇದನ್ನು ಅಳವಡಿಸಬಹುದು. ಹಾಗಾಗಿಯೇ ಒಂದು ಆ್ಯಪಿನಲ್ಲಿ ಗೂಗಲ್, ಫೇಸ್‌ಬುಕ್, ಗಿಟ್‌ಹಬ್, ಬೆಂಗಳೂರಿನ ಜೆರೋಧಾ ಖಾತೆಗಳೆಲ್ಲ ಒಟ್ಟಿಗೆ ಕೂರಬಲ್ಲವು.

ಇದರಲ್ಲಿ ಕೈಕೊಡುವುದು ಗಡಿಯಾರ. ಸಿಗ್ನಲ್ ಇಲ್ಲದ, ವೈಫೈಗೂ ಸೇರಿಸದ ಫೋನಿನ ಸಮಯ ದಿನ ಕಳೆದಂತೆ ಹಿಂದೆ ಮುಂದೆ ಸರಿಯುತ್ತದೆ. ಸರ್ವರ್‌ಗಳು ಸಾಮಾನ್ಯವಾಗಿ ಒಂದು ಕಂತಿನಷ್ಟು ವ್ಯತ್ಯಾಸವನ್ನು ಸಹಿಸುತ್ತವೆ, ಅದಕ್ಕಿಂತ ಹೆಚ್ಚಾದರೆ ಕೋಡ್ ತಪ್ಪೆನ್ನುತ್ತವೆ. ಆ್ಯಪ್ ಕೆಟ್ಟಿತೆಂದು ಅಳಿಸಿಹಾಕಬೇಡಿ. ಫೋನನ್ನು ವೈಫೈಗೆ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯ ತಾನಾಗಿ ಹೊಂದಿಕೊಳ್ಳುವಂತೆ ಇಟ್ಟರೆ ಬಹುಪಾಲು ಸರಿಹೋಗುತ್ತದೆ.

ಆ್ಯಪನ್ನು ಜೋಡಿಸುವಾಗ ಖಾತೆಯವರು ಸಾಮಾನ್ಯವಾಗಿ ಇನ್ನೊಂದನ್ನೂ ಕೊಡುತ್ತಾರೆ: ಬ್ಯಾಕಪ್ ಕೋಡ್‌ಗಳು. ಗೂಗಲ್ ಕೊಡುವುದು ಎಂಟು ಅಂಕಿಗಳ ಹತ್ತು ಕೋಡ್‌ಗಳನ್ನು. ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ನನ್ನ ಮಟ್ಟಿಗೆ, ಸಿಗ್ನಲ್ ಇಲ್ಲದ ಊರಿನವರಿಗೆ ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಆಸರೆ ಇನ್ನೊಂದಿಲ್ಲ. ಬ್ಯಾಟರಿ ಬೇಡ, ಗಡಿಯಾರ ಬೇಡ. ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜತೆ ಇಡಿ, ಬಳಸಿದ್ದಕ್ಕೆ ಗೆರೆ ಹೊಡೆಯಿರಿ. ಫೋಟೋ ತೆಗೆದು ಅದೇ ಫೋನಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಫೋನ್ ಹೊಳೆಗೆ ಬಿದ್ದರೆ ಆ್ಯಪ್, ಕೋಡ್ ಎರಡೂ ಹೋದವು. ಹಾಗೆ ಎರಡನ್ನೂ ಕಳೆದುಕೊಂಡವರಿಗೆ ಖಾತೆಗೆ ಮರಳುವ ದಾರಿ ಬಹಳ ದುರ್ಗಮ. ಆದ್ದರಿಂದ ಕ್ಯೂಆರ್ ಕೋಡ್ ಕಂಡಾಗಲೇ ಮನೆಯ ಎರಡನೇ ಫೋನಿನಲ್ಲೂ ಅದನ್ನು ಸ್ಕ್ಯಾನ್ ಮಾಡಿಡುವುದು ಜಾಣತನ. ಎರಡೂ ಒಂದೇ ಅಂಕಿಗಳನ್ನು ತೋರಿಸುತ್ತವೆ.

ಎಸ್ಸೆಮ್ಮೆಸ್ ಓಟಿಪಿಯನ್ನು ಬಿಟ್ಟರೆ ಭದ್ರತೆ ಕಡಿಮೆಯಾಗುತ್ತದೆಂದು ಅಂಜುವವರಿದ್ದಾರೆ. ವಾಸ್ತವ ತದ್ವಿರುದ್ಧ. ನಕಲಿ ದಾಖಲೆ ತೋರಿಸಿ ನಿಮ್ಮ ನಂಬರಿನ ಹೊಸ ಸಿಮ್ ಪಡೆದವರಿಗೆ ನಿಮ್ಮ ಸಂದೇಶಗಳೆಲ್ಲ ಸಿಗುತ್ತವೆ. ಫೋನ್ ಕಂಪನಿಗಳು ತಮ್ಮತಮ್ಮಲ್ಲಿ ಸಂಪರ್ಕಕ್ಕೆ ಬಳಸುವ ಎಸ್ಎಸ್7 ಎಂಬ ಹಳೆಯ ವ್ಯವಸ್ಥೆಯ ದೌರ್ಬಲ್ಯವನ್ನು ಬಳಸಿ ಜರ್ಮನಿಯಲ್ಲಿ 2017ರಲ್ಲಿ ಕಳ್ಳರು ಬ್ಯಾಂಕ್ ಗ್ರಾಹಕರ ಕೋಡ್‌ಗಳನ್ನು ತಮ್ಮತ್ತ ತಿರುಗಿಸಿಕೊಂಡು ಹಣ ದೋಚಿದರು. ಅದೇ ವರ್ಷ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್, ಎಸ್ಸೆಮ್ಮೆಸ್ ವಿಧಾನವನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಕೈಯಲ್ಲೇ ಹುಟ್ಟುವ ಕೋಡ್ ಯಾವ ಟವರನ್ನೂ ಹಾದು ಬರುವುದಿಲ್ಲ, ಆದ್ದರಿಂದ ದಾರಿಯಲ್ಲಿ ಕದಿಯುವ ಪ್ರಶ್ನೆಯಿಲ್ಲ.

ಆದರೂ ಆ್ಯಪಿನ ಕೋಡಿಗೆ ಒಂದು ದೌರ್ಬಲ್ಯ ಇದ್ದೇ ಇದೆ. ಥೇಟ್ ಬ್ಯಾಂಕಿನಂತೆಯೇ ಕಾಣುವ ನಕಲಿ ತಾಣದಲ್ಲಿ ನೀವು ಅದನ್ನು ತುಂಬಿದರೆ, ವಂಚಕ ಅದೇ ಅರ್ಧ ನಿಮಿಷದಲ್ಲಿ ಅಸಲಿ ತಾಣಕ್ಕೆ ಅದನ್ನು ಒಯ್ಯಬಲ್ಲ. ಈ ಮೋಸವನ್ನು ಬುಡದಲ್ಲೇ ಕತ್ತರಿಸುವುದು ಪಾಸ್‌ಕೀ. 2019ರ ಮಾರ್ಚಿನಲ್ಲಿ ವೆಬ್ಬಿನ ಅಧಿಕೃತ ಮಾನಕವಾದ ವೆಬ್ಆಥೆನ್ ಇದರ ತಳಹದಿ. ಇಲ್ಲಿ ಗುಟ್ಟು ನಿಮ್ಮ ಕಡೆಯಲ್ಲೇ ಉಳಿಯುತ್ತದೆ, ತಾಣಕ್ಕೆ ಹೋಗುವುದೇ ಇಲ್ಲ. ಅದು ಯಾವ ತಾಣಕ್ಕೆ ಸೇರಿದ್ದೆಂದು ಬ್ರೌಸರ್ ತಾನೇ ನೋಡಿಕೊಳ್ಳುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಿದ್ದರೂ ಪಾಸ್‌ಕೀ ಕದಲುವುದಿಲ್ಲ. ಲ್ಯಾಪ್‌ಟಾಪಿನಲ್ಲೇ ಪಾಸ್‌ಕೀ ಇಟ್ಟುಕೊಂಡರೆ ಬೆರಳಚ್ಚು ಅಥವಾ ಪಿನ್ ಸಾಕು, ಮೊಬೈಲ್ ಬೇಕೇ ಇಲ್ಲ. ಫೋನಿನಲ್ಲಿದ್ದರೂ ಸಿಗ್ನಲ್ ಬೇಡ. ಬ್ಲೂಟೂತ್ ಮತ್ತು ಮನೆಯ ವೈಫೈ ಇದ್ದರಾಯಿತು. ಯುಎಸ್‌ಬಿಗೆ ಸಿಕ್ಕಿಸುವ ಸೆಕ್ಯೂರಿಟಿ ಕೀ ಕೂಡ ಇದೇ ಕುಲದ್ದು. 2017ರಿಂದ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ ಇಂಥ ಕೀ ಕೊಟ್ಟ ಮೇಲೆ ಕೆಲಸದ ಒಂದು ಖಾತೆಯೂ ನಕಲಿ ತಾಣದ ಬಲೆಗೆ ಬಿದ್ದಿಲ್ಲವೆಂದು ಗೂಗಲ್ 2018ರಲ್ಲಿ ಹೇಳಿತು. ಕೀ ದುಬಾರಿ, ಜತೆಗೆ ಕಳೆದರೆಂದು ಎರಡು ಕೊಳ್ಳಬೇಕು. ಸಾಮಾನ್ಯ ಮನೆಗೆ ಪಾಸ್‌ಕೀಯೇ ಸಾಕು.

ಎಸ್ಸೆಮ್ಮೆಸ್ ಬಿಟ್ಟು ಬೇರೇನನ್ನೂ ಒಪ್ಪದ ಸೇವೆಗಳು ನಮ್ಮಲ್ಲಿ ಇನ್ನೂ ಬಹಳ ಇವೆ. ಅವುಗಳಿಗೆ ವೈಫೈ ಕಾಲಿಂಗ್ ಪ್ರಯತ್ನಿಸಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ತಂದವು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆನ್ ಮಾಡಿದರೆ ಕರೆಗಳು ಟವರಿನ ಬದಲು ಮನೆಯ ಇಂಟರ್ನೆಟ್ಟಿನ ಮೂಲಕ ಬರುತ್ತವೆ, ಎಸ್ಸೆಮ್ಮೆಸ್ಸುಗಳೂ ಸಾಮಾನ್ಯವಾಗಿ ಬರುತ್ತವೆ. ಆದಾಯ ತೆರಿಗೆಯ ಇ-ಫೈಲಿಂಗ್ ತಾಣದಲ್ಲಿ ನೆಟ್‌ವರ್ಕ್ ಸಿಗದ ಕಡೆಯವರಿಗೆಂದು ಸ್ಟ್ಯಾಟಿಕ್ ಪಾಸ್‌ವರ್ಡ್ ಎಂಬ ವ್ಯವಸ್ಥೆ ಮಾಡಿದ್ದಾರೆ. ಎರಡನೇ ಹಂತಕ್ಕೆ ಬೇಕಾದ ಪಾಸ್‌ವರ್ಡ್‌ಗಳನ್ನು ಮುಂಚೆಯೇ ಪಡೆದಿಟ್ಟುಕೊಳ್ಳಬಹುದು. ಹಳ್ಳಿಯ ಪಾಡನ್ನು ಅರಿತು ಮಾಡಿದ ಇಂಥ ಏರ್ಪಾಡು ಉಳಿದ ಸರ್ಕಾರಿ ತಾಣಗಳಿಗೂ ಬರಬೇಕು.

ಈ ಯಾವ ಜೋಡಣೆಯನ್ನೂ ಓಟಿಪಿ ಬಾರದೆ ಪರದಾಡುವ ಹೊತ್ತಿನಲ್ಲಿ ಮಾಡಲಾಗದು. ಆ್ಯಪನ್ನು ಖಾತೆಗೆ ಸೇರಿಸುವ ಮುನ್ನ ಬಹಳಷ್ಟು ತಾಣಗಳು ಕೊನೆಯ ಸಲವೆಂಬಂತೆ ಒಂದು ಎಸ್ಸೆಮ್ಮೆಸ್ ಕಳಿಸಿಯೇ ಕಳಿಸುತ್ತವೆ. ಆದ್ದರಿಂದ ಪೇಟೆಗೆ ಹೋದಾಗ, ನಂಟರ ಮನೆಯಲ್ಲಿ ಸಿಗ್ನಲ್ ಸಿಕ್ಕಾಗ, ವಿದೇಶಕ್ಕೆ ಹೊರಡುವ ಮುಂಚೆ ಕೂತು ಮಾಡಿ ಮುಗಿಸಿ. ಮೊದಲು ಇಮೇಲ್ ಖಾತೆ. ಉಳಿದೆಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸುವ ಹಾದಿ ಅದರೊಳಗಿದೆ.

ಬ್ಯಾಂಕುಗಳ ವಿಷಯದಲ್ಲಿ ಈಗ ಕೇಳುವ ಕಾಲ ಬಂದಿದೆ. ಡಿಜಿಟಲ್ ಪಾವತಿಗಳ ದೃಢೀಕರಣದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್ 25ರಂದು ಹೊರಡಿಸಿದ ನಿರ್ದೇಶನಗಳಿಗೆ 2026ರ ಏಪ್ರಿಲ್ 1 ಗಡುವು. ಎರಡು ಹಂತ ಬೇಕೇ ಬೇಕು, ಆದರೆ ಅದು ಎಸ್ಸೆಮ್ಮೆಸ್ಸೇ ಆಗಬೇಕೆಂದು ಅವು ಹೇಳುವುದಿಲ್ಲ. ನಿಮ್ಮ ಶಾಖೆಗೆ ಹೋದಾಗ, ಟವರ್ ಇಲ್ಲದ ಮನೆಯಿಂದ ಲಾಗಿನ್ ಆಗಲು ನೀವೇನು ಕೊಡುತ್ತೀರಿ ಎಂದು ಕೇಳಿ. ಏನೂ ಇಲ್ಲವೆಂದರೆ ಮನವಿಯನ್ನು ಬರೆದುಕೊಟ್ಟು ಸ್ವೀಕೃತಿ ಪಡೆದು ಬನ್ನಿ.