ರಕ್ತ ನಿಲ್ಲಿಸುವ ಕೈ: ಪ್ಲೇಟ್‌ಲೆಟ್ ಗ್ರಾಹಕದ ಹುಟ್ಟು



ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ನಾವು ಅದನ್ನು ಒತ್ತಿ ಹಿಡಿಯುತ್ತೇವೆ. ಕೆಲವು ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ಈ ಉಪಕಾರವನ್ನು ಮಾಡುವವು ಪ್ಲೇಟ್‌ಲೆಟ್‌ಗಳೆಂಬ ಕಿರುಬಿಲ್ಲೆಗಳು. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 1,50,000ದಿಂದ 4,50,000ದವರೆಗೆ ಇರುತ್ತವೆ. ಆದರೆ ಸಂಖ್ಯೆಯೊಂದೇ ಸಾಲದು. ಅವು ಪರಸ್ಪರ ಕೈ ಹಿಡಿಯಬೇಕು. ಅವುಗಳ ಮೇಲ್ಮೈಯಲ್ಲಿರುವ ಗ್ರಾಹಕ ಪ್ರೋಟೀನೇ ಆ ಕೈ.

ಈ ಕೈಯಿಲ್ಲದೆ ಹುಟ್ಟುವ ಮಕ್ಕಳೂ ಉಂಟು. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾನ್ಸ್‌ಮನ್ 1918ರಲ್ಲಿ ವಿವರಿಸಿದ ಈ ರೋಗಕ್ಕೆ ಅವರ ಹೆಸರೇ ನಿಂತಿದೆ. ಇಂಥ ಮಕ್ಕಳಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿಯೇ ಇರುತ್ತದೆ. ಆದರೂ ಮೂಗು, ಒಸಡುಗಳಿಂದ ಸುರಿಯುವ ರಕ್ತ ಸುಲಭವಾಗಿ ನಿಲ್ಲದು. ಏಕೆ?

ಆಲ್ಫಾ-2ಬಿ ಬೀಟಾ-3 ಎಂಬ ಈ ಗ್ರಾಹಕ ಇಕ್ಕಳದಂತೆ ಎರಡು ಕಾಲುಗಳುಳ್ಳದ್ದು. ಆಲ್ಫಾ ಸರಪಳಿಯಲ್ಲಿ 1008, ಬೀಟಾ ಸರಪಳಿಯಲ್ಲಿ 762 ಅಮೈನೋ ಆಮ್ಲಗಳಿವೆ. ಒಂದೊಂದು ಪ್ಲೇಟ್‌ಲೆಟ್ಟಿನ ಮೇಲೂ ಸುಮಾರು 80,000 ಗ್ರಾಹಕಗಳು. ಇವು ತಯಾರಾಗುವುದು ಪ್ಲೇಟ್‌ಲೆಟ್‌ಗಳ ತಾಯಿಯಾದ, ಅಸ್ಥಿಮಜ್ಜೆಯಲ್ಲಿರುವ ಮೆಗಾಕ್ಯಾರಿಯೊಸೈಟ್ ಎಂಬ ದೈತ್ಯ ಜೀವಕೋಶದಲ್ಲಿ.

ಆ ಕೋಶದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಜಾಲದಲ್ಲಿ ಎರಡು ಸರಪಳಿಗಳೂ ಬೇರೆಬೇರೆಯಾಗಿ ಹುಟ್ಟುತ್ತವೆ. ಅವುಗಳಿಗೆ ಸಕ್ಕರೆಯ ಕವಲುಗಳು ಅಂಟುತ್ತವೆ. ಬೀಟಾ ಸರಪಳಿಯ 56 ಸಿಸ್ಟೀನುಗಳು ಎರಡೆರಡಾಗಿ ಗಂಧಕದ ಬಂಧದಿಂದ ಕೂಡಿಕೊಳ್ಳುತ್ತವೆ. ಆಲ್ಫಾದ ತಲೆಯು ಏಳು ರೆಕ್ಕೆಗಳ ಚಕ್ರದಂತೆ ಮಡಿಚಿಕೊಳ್ಳುತ್ತದೆ. ಆ ಮಡಿಕೆಯನ್ನು ಕ್ಯಾಲ್ಸಿಯಂ ಅಯಾನುಗಳು ಭದ್ರಗೊಳಿಸುತ್ತವೆ. ಕ್ಯಾಲ್ನೆಕ್ಸಿನ್ ಮೊದಲಾದ ಸಹಾಯಕ ಪ್ರೋಟೀನುಗಳು ದಾದಿಯಂತೆ ಇದನ್ನೆಲ್ಲ ನೋಡಿಕೊಳ್ಳುತ್ತವೆ. ಬಳಿಕ ಇವೆರಡೂ ಅಲ್ಲಿಯೇ ಜೋಡಿಯಾಗಿ ಗಾಲ್ಜಿ ಎಂಬ ಮುಂದಿನ ನೆಲೆಗೆ ಸಾಗುತ್ತವೆ. ಅಲ್ಲಿ ಕಿಣ್ವವೊಂದು ಆಲ್ಫಾವನ್ನು ಎರಡು ತುಂಡು ಮಾಡುತ್ತದೆ. ಗಂಧಕದ ಬಂಧ ಆ ತುಂಡುಗಳನ್ನು ಅಗಲಲು ಬಿಡದು. ಕೊನೆಗೆ ಗ್ರಾಹಕ ಮೇಲ್ಮೈ ಸೇರಿ, ಬಾಗಿದ ಭಂಗಿಯಲ್ಲಿ ವಿಶ್ರಮಿಸುತ್ತದೆ. ಗಾಯವಾದೊಡನೆ ಅದು ನೆಟ್ಟಗಾಗಿ ಫೈಬ್ರಿನೋಜೆನ್ ಅನ್ನು ಹಿಡಿಯುತ್ತದೆ. ಆ ಸೇತುವೆಯಿಂದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುತ್ತವೆ.

ಇಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ: ಜೋಡಿ ಸಿಗದ ಆಲ್ಫಾ ಹೊರಗೆ ಹೋಗುವಂತಿಲ್ಲ, ಕೋಶ ಅದನ್ನು ಒಳಗೇ ಒಡೆದುಹಾಕುತ್ತದೆ. ಆದ್ದರಿಂದ ಒಂದು ಸರಪಳಿ ಕೆಟ್ಟರೂ ಇಡೀ ಗ್ರಾಹಕವೇ ಇಲ್ಲವಾಗಬಹುದು. ಕ್ಯಾಲ್ಸಿಯಂ ಕೂರುವ ಜಾಗದ ಸಮೀಪ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಕೆಲವೊಮ್ಮೆ ಜೋಡಿಯು ಒಳಗೇ ಸಿಕ್ಕಿಬೀಳುತ್ತದೆ.

ಈ ರೋಗ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನು ಬರಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ನಮ್ಮಲ್ಲಿ ಅನೇಕ ಮನೆತನಗಳಲ್ಲಿದೆ. ಅಪರೂಪದ ಈ ರೋಗ ದಕ್ಷಿಣ ಭಾರತದಿಂದ ವರದಿಯಾಗಲು ಇದೂ ಒಂದು ಕಾರಣ. ಇಲ್ಲಿನ ವೈದ್ಯರು “ತಂದೆ ತಾಯಿ ಸಂಬಂಧಿಕರೇ?” ಎಂದು ಕೇಳಿದಾಗ ನಾವು ಸಂಕೋಚಪಡುತ್ತೇವೆ. ಆ ಸಂಕೋಚ ಮಗುವಿಗೆ ಮುಳುವಾಗಬಾರದು. ರಕ್ತ ಬೇಗ ನಿಲ್ಲದ ಮಗುವಿದ್ದರೆ, ಎಣಿಕೆ ಸರಿಯಿದೆಯೆಂದು ಸುಮ್ಮನಾಗದೆ, ಪ್ಲೇಟ್‌ಲೆಟ್‌ಗಳ ಕಾರ್ಯಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳೋಣ. ಅವರನ್ನು ಕೇಳದೆ ಆಸ್ಪಿರಿನ್ ಕೊಡದಿರೋಣ. ಹಲ್ಲು ಕೀಳಿಸುವ ಮುನ್ನ ವಿಷಯ ತಿಳಿಸೋಣ.

ಊರಿನಿಂದ ನಾವು ಹೊತ್ತು ತಂದ ಆಸ್ತಿಗಳಲ್ಲಿ ಮನೆತನದ ಆರೋಗ್ಯದ ಕಥೆಯೂ ಒಂದು. ಅದನ್ನು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳೋಣ.